ಚುಕ್ಕಿಯಾದ ಮೇಲೆ ಮಾವನ ಹೆಸರು

ಅಂದು ಚುಂಚನಕಟ್ಟೆ ಹತ್ತಿರದ ಮಾವನ ಮನೆಯ ನಡುಮನೆಯಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ನನ್ನ ಸೋದರಮಾವ, ಅವರ ಹೆಂಡತಿಯಾದ ನನ್ನ ಅತ್ತೆ, ಪಿರಿಯಾಪಟ್ಟಣದಿಂದ ಬಂದಿದ್ದ ಅತ್ತೆಯ ತಂಗಿ, ಹುಣಸೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ನಾನು. ಅತ್ತೆಯ ತಂಗಿಯನ್ನು ನಾವೆಲ್ಲ ಸಣ್ಣತ್ತೆ ಅನ್ನುತ್ತೇವೆ. ಐದನೆಯದಾಗಿ ಮೂಲೆಯ ಮೇಜಿನ ಮೇಲೆ ಒಂದು ಕಂಪ್ಯೂಟರು ಇತ್ತು. ಇಡೀ ಊರಿನ ತಪ್ಪನ್ನು ತಾನೇ ಹೊತ್ತುಕೊಂಡ ಹಾಗೆ ಅದು ತಲೆ ತಗ್ಗಿಸಿ ಕೂತಿತ್ತು.

ನನ್ನ ಮಾವನಷ್ಟು ಆಸ್ತಿವಂತರು ಕೆ.ಆರ್. ನಗರದ ಸುತ್ತಮುತ್ತ ಇನ್ನೊಬ್ಬರಿಲ್ಲ. ಜಮೀನು ಇರುವುದು ಕಾಲುವೆಯ ಕೆಳಗಿನ ಒಂದು ತುಂಡು ಗದ್ದೆಯಷ್ಟೇ, ಆ ಮಾತು ಬೇರೆ. ಆದರೆ ಅವರ ಹೆಸರು ಬಿದ್ದಿರುವ ವಸ್ತುಗಳನ್ನೆಲ್ಲ ಒಂದು ಕಡೆ ಸೇರಿಸಿದರೆ ಲಾರಿ ಸಾಲದು. ಅಂದು ನಾನು ಕೂತಿದ್ದ ಕುರ್ಚಿಯ ಬೆನ್ನಿಗೆ ಅವರ ಹೆಸರಿತ್ತು. ಕಾಫಿ ಕುಡಿದ ಲೋಟದ ಅಂಚಿಗೆ, ಗೋಡೆ ಗಡಿಯಾರದ ಕಟ್ಟಿಗೆ, ಬಾಗಿಲ ಚಿಲಕಕ್ಕೆ, ಛತ್ರಿಯ ಹಿಡಿಗೆ, ಕಂಪ್ಯೂಟರಿನ ಎಡ ಪಕ್ಕೆಗೆ, ಅದರ ಮೌಸ್ ಎಂಬ ಇಲಿಯ ಹೊಟ್ಟೆಗೆ, ಎಲ್ಲ ಕಡೆ ಅದೇ ಮೂರಕ್ಷರ: ಸಿ, ಎನ್, ಎಸ್. ಸಿ ಅಂದರೆ ಚುಂಚನಕಟ್ಟೆ, ಎನ್ ಅಂದರೆ ಅವರಪ್ಪ, ಎಸ್ ಅಂದರೆ ಅವರೇ. ಆ ನಡುಮನೆಯಲ್ಲಿ ಹೆಸರು ಕೊರೆಸಿಕೊಳ್ಳದೆ ಉಳಿದಿದ್ದವರು ನಾವು ಮೂವರು ಹೆಂಗಸರು ಮಾತ್ರ.

ಇದು ಹುಚ್ಚಲ್ಲ, ಕಸುಬು. ನಮ್ಮ ಕಡೆ ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವಾಗ ಅಂಗಡಿಯಲ್ಲೇ ಹೆಸರು ಹಾಕಿಸುವುದು ನಿಮಗೂ ಗೊತ್ತಿದೆ. ಕೆ.ಆರ್. ನಗರದ ಒಂದು ಪಾತ್ರೆ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಕೂತು ಮಾವ ಮೂವತ್ತು ವರ್ಷ ಹೆಸರು ಹಾಕಿದರು. ಮೊದಮೊದಲು ಸಣ್ಣ ಉಳಿ, ಸಣ್ಣ ಸುತ್ತಿಗೆ. ಟಿಕ್ ಟಿಕ್ ಎಂದು ಚುಕ್ಕಿಗೆ ಚುಕ್ಕಿ ಸೇರಿಸಿ ಅಕ್ಷರ. ಆಮೇಲೆ ಗುಂಯ್ ಎನ್ನುವ ಕರೆಂಟಿನ ಪೆನ್ನು ಬಂತು. ವಯಸ್ಸಾಯಿತೆಂದು ಕೆಲಸ ಬಿಟ್ಟಾಗ ಅಂಗಡಿಯವರು ಆ ಪೆನ್ನನ್ನೇ ಕೊಟ್ಟು ಕಳಿಸಿದರು. ಒಂದು ಶಾಲು ಹೊದಿಸಿ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅತ್ತೆ ಎಷ್ಟೋ ಸಲ ಅಂದದ್ದುಂಟು. ಬೇರೆಯವರ ಹೆಸರು ಹಾಕಿ ಹಾಕಿ ತೀರಿತ್ತಲ್ಲ, ಮಾವ ತಮ್ಮದನ್ನು ಶುರುಮಾಡಿದರು.

ಮೈಸೂರಿಗೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದ ವಾರವೇ ಅದರ ಒಳಮಗ್ಗುಲಿಗೂ ಮೂರಕ್ಷರ ಬಿತ್ತು.

"ಬಾಯೊಳಗಿರೋದನ್ನ ಯಾರು ಕದೀತಾರೆ ಮಾವ?" ಅಂದೆ.

"ಕದಿಯೋ ಮಾತಲ್ಲ ಕಣವ್ವ. ನಾಳೆ ಆಸ್ಪತ್ರೆಗೆ ಸೇರಿಸ್ತೀರಿ. ಹಲ್ಲು ಬಿಚ್ಚಿಡಿ ಅಂತಾರೆ. ಪಕ್ಕದ ಮಂಚದೋನೂ ಬಿಚ್ಚಿಟ್ಟಿರ್ತಾನೆ. ಆಮೇಲೆ?"

ಆ 'ಆಮೇಲೆ' ಎಂಬುದಕ್ಕೆ ಉತ್ತರ ನಿಮ್ಮ ಬಳಿ ಇದೆಯೇ?

ಹುಣಸೂರಿನಲ್ಲಿ ನನ್ನ ಮದುವೆ ನಡೆದಾಗ ಅಡುಗೆಯ ಪಾತ್ರೆಗಳೆಲ್ಲ ನೆಂಟರ ಮನೆಗಳಿಂದ ಬಂದವು. ಊಟವಾದ ಮೇಲೆ ತೊಳೆದ ಪಾತ್ರೆಗಳ ರಾಶಿಯ ಮುಂದೆ ಮಾವ ಒಂದು ಮಣೆ ಹಾಕಿಕೊಂಡು ಕೂತರು. ಪಾತ್ರೆ ತಿರುಗಿಸುವುದು, ಹೆಸರು ಓದುವುದು, ಆ ಮನೆಯವರ ಗುಂಪಿಗೆ ಸೇರಿಸುವುದು. ಒಳಗೆ ಏನು ಬೇಯಿಸಿದ್ದರು ಎಂದು ನೋಡುವ ಹಾಗಿಲ್ಲ. ಮೇಲಿನ ಹೆಸರೊಂದೇ ಲೆಕ್ಕ. ಕೊನೆಗೆ ಒಂದು ಹಿತ್ತಾಳೆ ಚೊಂಬು ಉಳಿಯಿತು. ಅದರ ಮೇಲೆ 'ಕೆಂಪಮ್ಮ, ಕೋಟೆ' ಎಂದಿತ್ತು. ಆ ಹೆಸರಿನವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ. ಇಟ್ಟುಕೊಳ್ಳಿ ಎಂದರು ಎಲ್ಲರೂ. ಮಾವ ಮಾರನೆಯ ದಿನ ಆ ಚೊಂಬನ್ನು ಚೀಲಕ್ಕೆ ಹಾಕಿಕೊಂಡು ಹೆಗ್ಗಡದೇವನಕೋಟೆ ಬಸ್ಸು ಹತ್ತಿದರು. ಅಲ್ಲಿ ಆ ಹೆಸರಿನ ಮನೆ ಸಿಗಲಿಲ್ಲ. ಇನ್ನೊಂದು ವಾರ ಬಿಟ್ಟು ಮತ್ತೆ ಹೋದರು. ಕೆಂಪಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಸಿಕ್ಕಿದಳು. ಯಾವುದೋ ಮದುವೆಗೆಂದು ಮನೆ ಬಿಟ್ಟ ಚೊಂಬು ಯಾರ್ಯಾರ ಮನೆಯ ಪಾಯಸ ಕಂಡು ಹುಣಸೂರಿಗೆ ಬಂದಿತ್ತೋ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳಂತೆ.

"ಮನೆ ಸೇರ್ತು ಬುಡು," ಎಂದರು ಮಾವ ವಾಪಸು ಬಂದು, ಮೆಟ್ಟಿನ ಧೂಳು ಕೊಡವುತ್ತ. "ಹೆಸರಿದ್ದದ್ದಕ್ಕೆ ತಾನೆ."

ಅತ್ತೆ ಒಳಗಿನಿಂದ ಕೇಳಿದರು, "ಯಾರ ಹೆಸರು ಅಂದ್ರಿ?"

"ಕೆಂಪಮ್ಮ ಅಂತ."

"ಅವಳ ಹೆಸರೇ ಹಾಕಿತ್ತಾ? ಗಂಡನದಲ್ವಾ?"

"ಅವಳದೇ ಕಣೆ."

ಒಳಗೆ ಅತ್ತೆ ಪಾತ್ರೆ ತಿಕ್ಕುವ ಸದ್ದು ಮತ್ತೆ ಶುರುವಾಯಿತು. ನಾನು ಆ ಮಾತನ್ನು ಅಲ್ಲಿಗೇ ಮರೆತೆ.

ಈಗ ಅತ್ತೆಯ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಸೋಬಾನೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೋಟೆಯವರೆಗೂ ಎಲೆ ಅಡಿಕೆ ಇಟ್ಟು ಕರೆಸಿಕೊಳ್ಳುತ್ತಿದ್ದದ್ದು ನಮ್ಮ ಅತ್ತೆಯನ್ನು. ಎಣ್ಣೆ ಅರಿಶಿನದ ಹಾಡು, ಚಪ್ಪರದ ಹಾಡು, ಬೀಗರನ್ನು ಹಂಗಿಸುವ ಹಾಡು, ಕೊನೆಯಲ್ಲಿ ಹೆಣ್ಣು ಒಪ್ಪಿಸುವ ಹಾಡು. ಆ ಕೊನೆಯದನ್ನು ಅತ್ತೆ ಎತ್ತಿಕೊಂಡರೆ ಗಂಡಿನ ಕಡೆಯವರು ಕೂಡ ಊಟದ ಎಲೆಯ ಮುಂದೆ ಕೈ ತಡೆಯುತ್ತಿದ್ದರು. ಓದು ಬರಹ ಇಲ್ಲದ ಹೆಂಗಸು. ಅವರಜ್ಜಿಯ ಬಾಯಿಂದ ಬಂದದ್ದು ಅವರ ಬಾಯಲ್ಲೇ ಇತ್ತು, ಇನ್ನೆಲ್ಲೂ ಇರಲಿಲ್ಲ.

ಮೂರು ವರ್ಷದ ಹಿಂದೆ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದ ಮೇಲೆ ದನಿ ಹೋಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆಪರೇಷನ್ನಿಗೆ ಒಂದು ವಾರ ಮುಂಚೆ ನಾನು ಅವರನ್ನು ಹುಣಸೂರಿಗೆ ಕರೆಸಿಕೊಂಡು, ಎದುರಿಗೆ ಕೂರಿಸಿಕೊಂಡು, ಒಂದಷ್ಟು ಹಾಡನ್ನು ನನ್ನ ಫೋನಿನಲ್ಲಿ ಹಿಡಿದೆ. ಒಂದಷ್ಟನ್ನು ಪರಿಚಯದ ಸ್ಟುಡಿಯೋದವರು ಹಿಡಿದುಕೊಟ್ಟರು. ಇನ್ನೊಂದಷ್ಟು ಹಳೆಯ ಕ್ಯಾಸೆಟ್ಟಿನಿಂದ ಸಿಕ್ಕವು. ಎಲ್ಲ ಸೇರಿ ಮೂವತ್ತೆಂಟು ಹಾಡು.

ಡಾಕ್ಟರು ಹೇಳಿದ ಹಾಗೇ ಆಯಿತು. ಅತ್ತೆಗೆ ಈಗ ಇರುವುದು ಪಿಸುದನಿ. ಒಣಗಿದ ಬಾಳೆಲೆ ಮಡಚಿದ ಹಾಗೆ. ಅವರ ಪಕ್ಕದಲ್ಲೇ ಕೂತರೆ ಕೇಳುತ್ತದೆ, ಆಚೆ ಜಗುಲಿಗೆ ಕೇಳಿಸುವುದಿಲ್ಲ. ಅಂದಿನಿಂದ ಮಾವ ಅವರ ಪಕ್ಕದಲ್ಲೇ ಇದ್ದು ಮೈಕಿನ ಕೆಲಸ ವಹಿಸಿಕೊಂಡರು. ತೊಂದರೆ ಏನೆಂದರೆ, ಈ ಮೈಕು ತನ್ನದನ್ನೂ ಸೇರಿಸುತ್ತಿತ್ತು. ಅತ್ತೆ ಪಿಸುದನಿಯಲ್ಲಿ 'ಊಟ ಮಾಡ್ಕೊಂಡು ಹೋಗು' ಅಂದರೆ, ಮಾವನ ಬಾಯಿಂದ ಅದು, "ಊಟ ಮಾಡ್ಕೊಂಡು ಹೋಗ್ಬೇಕಂತೆ. ಅವರೆಕಾಳು ಸಾರಂತೆ. ಹೋದ್ಸಾರಿ ಅಂಗೇ ಹೋದ್ಯಂತೆ, ಬೇಜಾರಂತೆ. ನಿನ್ನ ಗಂಡ ಯಾಕೆ ಬರ್ಲಿಲ್ಲ ಅಂತ ಕೇಳ್ತಾವ್ಳೆ," ಎಂದು ಹೊರಬರುತ್ತಿತ್ತು. ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಹಣೆ ಚಚ್ಚಿಕೊಳ್ಳುವುದಕ್ಕೆ ದನಿ ಬೇಕಿಲ್ಲವಲ್ಲ.

ನಾನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ. ಮನೆಯ ಹಳೆಯ ಕಂಪ್ಯೂಟರನ್ನು ಮಾವನಿಗೆ ಕೊಟ್ಟು, ಅದರೊಳಗೆ ಅತ್ತೆಯ ಹಾಡುಗಳನ್ನು, ಮನೆಯವರ ಒಂದಷ್ಟು ಫೋಟೋಗಳನ್ನು ಇಟ್ಟುಕೊಟ್ಟೆ. ಎರಡು ಸಲ ಒತ್ತಿದರೆ ಹಾಡು ಬರುತ್ತದೆ ಎಂದು ಕಲಿಸಿದೆ. ಬರುತ್ತಲೂ ಇತ್ತು. ಬೆಳಗ್ಗೆ ಗದ್ದೆಗೆ ಹೋಗುವ ಮುಂಚೆ ಮಾವ ಒಂದು ಹಾಡು ಹಾಕಿಯೇ ಮೆಟ್ಟು ಮೆಟ್ಟುವುದು ಎಂದು ಸಣ್ಣತ್ತೆ ನಗಾಡುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಈ ಮಧ್ಯೆ ನನ್ನ ಫೋನು ತುಂಬಿ, ಹಾಡುಗಳು ಮಾವನ ಮನೆಯಲ್ಲಿ ಭದ್ರವಾಗಿವೆಯಲ್ಲ ಎಂಬ ಧೈರ್ಯದ ಮೇಲೆ, ನಾನು ಫೋನಿನಲ್ಲಿದ್ದದ್ದನ್ನು ಅಳಿಸಿದೆ. ಸ್ಟುಡಿಯೋ ಮುಚ್ಚಿತು. ಕ್ಯಾಸೆಟ್ಟು ಮೊದಲೇ ಬೂಷ್ಟು ಹಿಡಿದಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರುವುದರಲ್ಲಿ ಮಾವನೊಬ್ಬರನ್ನೇ ದೂರಿದರೆ ನನಗೆ ಒಳ್ಳೆಯದಾಗದು.

ಸಣ್ಣತ್ತೆಯ ಮಗಳಿಗೆ ಮದುವೆ ಗೊತ್ತಾಯಿತು. ಪಿರಿಯಾಪಟ್ಟಣದಲ್ಲೇ ಮದುವೆ. ದೊಡ್ಡಮ್ಮನ ಹಾಡು ಕೇಳದೆ ಚಪ್ಪರ ಬಿಟ್ಟು ಕಾಲು ಎತ್ತುವುದಿಲ್ಲ ಎಂದು ಹುಡುಗಿ ಪಟ್ಟು ಹಿಡಿದಳು. ಅದರಲ್ಲೂ ಹೆಣ್ಣು ಒಪ್ಪಿಸುವ ಹಾಡು ಬೇಕೇ ಬೇಕು. ದೊಡ್ಡಮ್ಮ ಹಾಡುವ ಹಾಗಿಲ್ಲ, ಕಂಪ್ಯೂಟರು ಹಾಡಬೇಕು. ಮದುವೆಗೆ ಎಂಟು ದಿನ ಇದೆ ಅನ್ನುವಾಗ ಮಾವನ ಫೋನು ಬಂತು.

"ಕಂಪ್ಯೂಟ್ರು ಮುನಿಸ್ಕೊಂಡದೆ ಕಣವ್ವ. ಒಂದು ಹಾಡೂ ಬುಡ್ತಿಲ್ಲ."

ಹಾಗೆ ಅಂದು ನಾವು ನಾಲ್ಕು ಜನ ಅದರ ಮುಂದೆ ಕೂತಿದ್ದು.

ನಾನು ಹಾಡುಗಳಿದ್ದ ಫೋಲ್ಡರನ್ನು ತೆರೆದೆ. ಎಲ್ಲವೂ ಇದ್ದವು. ಹೆಸರುಗಳೂ ನಾನು ಇಟ್ಟವೇ. ಆದರೆ ಪ್ರತಿ ಹೆಸರಿನ ಕೊನೆಗೆ, ಚುಕ್ಕಿಯಾದ ಮೇಲೆ, ಹಾಡಿಗೂ ಅದೇ, ಫೋಟೋಗೂ ಅದೇ: ಸಿಎನ್‌ಎಸ್. ಹಾಡಿನ ಹೆಸರಿನ ಪಕ್ಕ ಒಂದು ಸಣ್ಣ ಗುರುತಿನ ಚಿತ್ರ ಇರುತ್ತಿತ್ತಲ್ಲ, ಅದೂ ಮಾಯವಾಗಿ ಎಲ್ಲದಕ್ಕೂ ಬಿಳಿ ಹಾಳೆಯ ಚಿತ್ರ.

"ಮಾವ, ಇದೇನಿದು?"

"ಏನು ಏನಿದು? ನಮ್ಮ ಹೆಸರು."

"ಯಾಕೆ ಹಾಕಿದ್ರಿ?"

ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದೊಡ್ಡ ಅನ್ಯಾಯವೊಂದನ್ನು ಸರಿಪಡಿಸಿದವರ ಗಾಂಭೀರ್ಯ ಅವರ ಮುಖದಲ್ಲಿತ್ತು. "ನೋಡವ್ವ, ನಾನು ಮೊದ್ಲು ಗಮನಿಸಿರ್ಲಿಲ್ಲ. ಒಂದಿನ ಕನ್ನಡಕ ಹಾಕ್ಕೊಂಡು ಒಂದೊಂದೇ ಓದ್ದೆ. ನಿಮ್ಮತ್ತೆ ಹಾಡು, ನಮ್ಮ ಮನೇಲಿ ಅದೆ, ಕೊನೇಲಿ ಯಾರೋ ಹೆಸರು ಹಾಕ್ಕೊಂಡವ್ರೆ. ಒಂದಕ್ಕೆ ಎಂಪಿತ್ರೀ. ಒಂದಕ್ಕೆ ಡಬ್ಲ್ಯೂ ಏ ವಿ. ಇನ್ನೊಂದಕ್ಕೆ ಎಂಫೋರ್ಏ. ಒಂದು ಮನೆ ಹಾಡಿಗೆ ಮೂರು ಮನೆಯೋರು ಹೆಸರು ಹಾಕ್ಕೊಂಡ್ರೆ ಸುಮ್ನಿರ್ಬೇಕಾ? ನಾಳೆ ಮದುವೆ ಮನೇಲಿ ಕಳೆದೋದ್ರೆ ಯಾರ ಮನೆಗೋಯ್ತದೆ?"

ಸಣ್ಣತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅದುಕ್ಕೆ ಅಳಿಸಿ ನಿಮ್ದು ಹಾಕುದ್ರಾ ಭಾವ?"

"ಮತ್ತೆ? ದಿನಾ ಮಧ್ಯಾಹ್ನ ಉಂಡ್ಮೇಲೆ ನಾಕು, ಐದು. ಪಟ ಎಲ್ಲಾ ಸೇರಿ ಒಂದು ತಿಂಗಳ ಕೆಲಸ. ಅದು ಮುಗಿಯೋಗಂಟ ಹಾಡೇ ಹಾಕ್ಲಿಲ್ಲ. ಒಂದೂ ತಪ್ಪಿಲ್ಲ ನೋಡು."

"ಕಂಪ್ಯೂಟರು ಬೇಡ ಅನ್ನಲಿಲ್ವಾ ಮಾವ?" ಎಂದೆ. ಯಾಕೆಂದರೆ ಅದು ಅನ್ನುತ್ತದೆ. ಈ ಹೆಸರು ಬದಲಿಸಿದರೆ ಫೈಲು ಕೆಲಸಕ್ಕೆ ಬಾರದೆ ಹೋದೀತು, ಖಂಡಿತ ಬದಲಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿಯೇ ಕೇಳುತ್ತದೆ.

"ಏನೋ ಕೇಳ್ತು. ಕೆಳಗೆ ಯೆಸ್ ಅಂತಿತ್ತು. ಯೆಸ್ ಅಂದ್ರೆ ಹೌದು ಅಂತ ನಂಗೊತ್ತು. ಹೌದಾ ಅಂತು, ಹೌದು ಅಂದೆ. ಪ್ರತಿ ಸಾರೀನೂ ಕೇಳ್ತು, ಪ್ರತಿ ಸಾರೀನೂ ಹೌದು ಅಂದೆ. ಮರ್ಯಾದಸ್ತ ಮಿಷನ್ನು ಬುಡು."

ಕಂಪ್ಯೂಟರುಗಳಲ್ಲಿ ಚುಕ್ಕಿಯಾದ ಮೇಲಿನ ಈ ಬಾಲವನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತಾರೆ. ಯಾವ ಹಾಡು ಎಲ್ಲಿಂದ ಬಂತೆಂದು ತಿಳಿಯಲಿ ಎಂದು ಅದನ್ನು ಕಾಣುವ ಹಾಗೆ ಮಾಡಿಟ್ಟವಳು ನಾನೇ. ಹೇಳಿದೆನಲ್ಲ, ಪೂರ್ತಿ ದೂರುವ ಹಾಗಿಲ್ಲ ಎಂದು.

ಮಾವನಿಗೆ ಹೇಗೆ ವಿವರಿಸುವುದು? ಕಾಲೇಜಿನ ಹುಡುಗರಿಗೆ ಹೇಳುವ ಮಾತುಗಳೊಂದೂ ಇಲ್ಲಿ ನಡೆಯುವ ಹಾಗಿರಲಿಲ್ಲ. ಕಡೆಗೆ ಅವರ ಮಣೆಯನ್ನೇ ಹಿಡಿದುಕೊಂಡೆ.

"ಮಾವ, ನನ್ನ ಮದುವೇಲಿ ಪಾತ್ರೆ ವಿಂಗಡಿಸಿದ್ರಲ್ಲ, ಒಳಗೆ ಏನಿತ್ತು ಅಂತ ನೋಡಿದ್ರಾ?"

"ಒಳಗೆ ಯಾಕೆ ನೋಡ್ಲಿ? ಮೇಲೆ ಹೆಸರು ನೋಡ್ದೆ, ಆ ಮನೆಗೆ ಕಳಿಸ್ದೆ."

"ಇದೂ ಅಷ್ಟೇ. ಈ ಮಿಷನ್ನು ಒಳಗಿರೋದು ಹಾಡೋ, ಪಟವೋ, ಕಾಗದವೋ ಅಂತ ಇಣುಕಿ ನೋಡಲ್ಲ. ಚುಕ್ಕಿ ಆದ ಮೇಲಿನ ಹೆಸರು ಓದುತ್ತೆ. ಎಂಪಿತ್ರೀ ಅಂತಿದ್ರೆ ಹಾಡು ಹೇಳೋರ ಮನೆ ಬಾಗಿಲು ತಟ್ಟುತ್ತೆ. ಜೆಪಿಜಿ ಅಂತಿದ್ರೆ ಪಟ ತೋರಿಸೋರ ಮನೆ. ಅವರು ಬಂದು ತೆಗೀತಾರೆ. ಅದು ಯಜಮಾನನ ಹೆಸರಲ್ಲ ಮಾವ. ಯಾರ ಮನೆಗೆ ಕಳಿಸಬೇಕು ಅನ್ನೋ ಗುರುತು."

ಮಾವ ಪರದೆಯ ಮೇಲಿನ ಪಟ್ಟಿಯ ಮೇಲೆ ಬೆರಳಿಟ್ಟರು. "ಅಂದ್ರೆ ಈಗ ಎಲ್ಲವೂ ನನ್ನ ಹೆಸರಿಗೆ ಅವೆ."

"ಹೌದು. ಎಲ್ಲವನ್ನೂ ಸಿಎನ್‌ಎಸ್ ಅವರ ಮನೆಗೆ ಕಳಿಸುತ್ತೆ. ಆ ಹೆಸರಿನ ಮನೆ ಇದರೊಳಗೆ ಇಲ್ಲ."

"ತೆಗೆಯೋರಿಲ್ಲ," ಎಂದರು ಮಾವ.

"ತೆಗೆಯೋರಿಲ್ಲ."

"ಹಾಡು ಕೆಟ್ಟೋಯ್ತಾ ಅಂಗಾದ್ರೆ?"

"ಪಾತ್ರೆ ಮೇಲೆ ಬೇರೆ ಹೆಸರು ಹೊಡೆದ್ರೆ ಒಳಗಿನ ಪಾಯಸ ಕೆಡುತ್ತಾ? ಹಾಡು ಹಂಗೇ ಇದೆ. ಹೆಸರು ಸರಿಮಾಡಿದ್ರೆ ಬರುತ್ತೆ."

ಕೆಲಸ ಶುರುಮಾಡಿದೆ. ಆದರೆ ಯಾವ ಹಾಡಿನ ಬಾಲ ಯಾವುದಾಗಿತ್ತು ಎಂದು ನನಗೂ ನೆನಪಿಲ್ಲ, ಮಾವ ಬರೆದಿಟ್ಟುಕೊಂಡೂ ಇಲ್ಲ. ಒಂದಕ್ಕೆ ಎಂಪಿತ್ರೀ ಹಾಕಿ ನೋಡುವುದು, ಬಾರದಿದ್ದರೆ ಅಳಿಸಿ ಇನ್ನೊಂದು ಹಾಕುವುದು, ಅದೂ ಆಗದಿದ್ದರೆ ಮೂರನೆಯದು. ಒಂದೊಂದು ಮನೆಯ ಬಾಗಿಲಿಗೂ ಹೊತ್ತುಕೊಂಡು ಹೋಗಿ, ಇದು ನಿಮ್ಮದಾ ಎಂದು ಕೇಳಿದ ಹಾಗೆ. ಪಕ್ಕದಲ್ಲಿ ಕೂತ ಮಾವನಿಗೆ ಅದು ಚೆನ್ನಾಗಿ ಅರ್ಥವಾಯಿತು. "ಇದು ಕ್ಯಾಸೆಟ್ಟಿಂದು, ಡಬ್ಲ್ಯೂ ಮನೆಗೆ ಒಯ್ದು ನೋಡು," ಎನ್ನುವವರೆಗೂ ಬಂದರು. ಮೊದಲನೆಯದು ತೆರೆಯಿತು. ಎಣ್ಣೆ ಅರಿಶಿನದ ಹಾಡು. ಒಂದು ಸಣ್ಣ ಕೆಮ್ಮು, ಬಳೆ ಸದ್ದು, ಆಮೇಲೆ ಅತ್ತೆಯ ತುಂಬಿದ ದನಿ ನಡುಮನೆಯೊಳಗೆ ಎದ್ದು ನಿಂತಿತು.

ನಾನು ಅತ್ತೆಯ ಕಡೆ ನೋಡಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವ ಕೈ ನಿಂತಿತು, ಅಷ್ಟೇ. ಹಾಡು ಮುಗಿದ ಮೇಲೆ ಮತ್ತೆ ಸುಲಿಯತೊಡಗಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಮೂವತ್ತೇಳು ಹಾಡು ಅವರವರ ಮನೆ ಸೇರಿದವು. ಉಳಿದದ್ದು ಹೆಣ್ಣು ಒಪ್ಪಿಸುವ ಹಾಡು. ಅದಕ್ಕೆ ಮೂರೂ ಬಾಲ ಹಾಕಿ ನೋಡಿದೆ, ತೆರೆಯಲಿಲ್ಲ. ಅದರ ತೂಕ, ಅಂದರೆ ಫೈಲಿನ ಗಾತ್ರ, ಎಷ್ಟೆಂದು ನೋಡಿದೆ. ಸೊನ್ನೆ ಎಂದು ತೋರಿಸಿತು.

"ಮಾವ, ಇದಕ್ಕೇನಾದರೂ ಮಾಡಿದ್ರಾ?"

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಅದು ನಿಮ್ಮತ್ತೆ ಹಾಡಲ್ಲಿ ನಂಗೆ ಬೋ ಇಷ್ಟವಾದ್ದು. ಎಲ್ಲಕ್ಕೂ ಹೆಸರು ಹಾಕಿದ್ಮೇಲೆ ಮೊದ್ಲು ಅದುನ್ನ ಕೇಳನಾ ಅಂತ ಒತ್ತಿದೆ. ಯಾವುದ್ರಲ್ಲಿ ತೆಗೀಲಿ ಅಂತ ಒಂದು ಪಟ್ಟಿ ತೋರಿಸ್ತು. ಬರೆಯೋ ಹಾಳೆ ತರ ಒಂದಿತ್ತು, ಅದುನ್ನ ಒತ್ತಿದೆ. ತೆಗೀತು. ಒಳಗೆ ನೋಡಿದ್ರೆ ಹಾಡಿಲ್ಲ ಕಣವ್ವ. ಬರೀ ಕಸ. ಯಾವ ಭಾಷೆನೋ, ಕೊಕ್ಕೆ, ಪ್ರಶ್ನೆ ಗುರುತು, ಪುಟಪುಟ ಅಂಗೇ. ಇಷ್ಟು ಕೊಳೆ ಸೇರ್ಕೊಂಡ್ರೆ ಹಾಡು ಎಲ್ಲಿಂದ ಬಂದಾತು ಅಂತ ಕೂತ್ಕೊಂಡು ಉಜ್ಜಿದೆ."

"ಉಜ್ಜಿದ್ರಾ?"

"ಅಳಿಸೋ ಗುಂಡಿ ಒತ್ತಿ ಹಿಡ್ಕೊಂಡು ಕೂತಿದ್ದೆ. ಒಂದು ಮಧ್ಯಾಹ್ನ ಪೂರ್ತಿ. ಎಲ್ಲಾ ಹೋಗಿ ಬೆಳ್ಳಗಾಯ್ತು. ಮುಚ್ಚುವಾಗ ಏನೋ ಕೇಳ್ತು."

"ಹೌದು ಅಂದ್ರಿ."

"ಹೌದು ಅಂದೆ."

ಆ ಕೊಕ್ಕೆ ಗುರುತುಗಳೇ ಹಾಡು. ಹಾಡು ಹೇಳುವವರ ಮನೆಗೆ ಹೋದರೆ ಅವು ಅತ್ತೆಯ ದನಿ. ಬರೆಯುವ ಹಾಳೆಯವರ ಮನೆಗೆ ಹೋದದ್ದರಿಂದ ಕಸ. ಇದನ್ನು ನಾನು ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ಮಾವ ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ.

"ಅಯ್ಯೋ ಭಾವ," ಎಂದರು ಸಣ್ಣತ್ತೆ, ಮೆಲ್ಲಗೆ. ಬೆಳಗಿನಿಂದ ನಗುತ್ತಿದ್ದವರು ನಗಲಿಲ್ಲ.

ಅತ್ತೆ ಮೊರವನ್ನು ಕೆಳಗಿಟ್ಟು ಎದ್ದರು. ಕಂಪ್ಯೂಟರಿನ ಹತ್ತಿರ ಬಂದು, ಓದಲು ಬಾರದ ಕಣ್ಣಿನಿಂದ ಆ ಪಟ್ಟಿಯನ್ನು ನೋಡಿದರು. ಓದಲು ಬಾರದಿದ್ದರೂ ಆ ಮೂರಕ್ಷರದ ಆಕಾರ ಅವರಿಗೆ ಗೊತ್ತಿತ್ತು. ಇಷ್ಟು ವರ್ಷದಿಂದ ತೊಳೆದ ಪ್ರತಿ ತಟ್ಟೆಯ ಮೇಲೂ ಅದನ್ನು ಕಂಡವರಲ್ಲವೇ. ಮಾವನ ಕಿವಿಯ ಹತ್ತಿರ ಬಗ್ಗಿ ಪಿಸುದನಿಯಲ್ಲಿ ಒಂದು ಮಾತು ಅಂದರು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ನನ್ನ ಹಾಡಿನ ಮ್ಯಾಲೂ ನಿಮ್ಮ ಹೆಸರೇ ಬೇಕಾಗಿತ್ತಾ?"

ದೂರ ಕೂತಿದ್ದ ಸಣ್ಣತ್ತೆ ಕೇಳಿದರು, "ಏನಂತೆ ಭಾವ? ಅಕ್ಕ ಏನಂದ್ಲು?"

ಅತ್ತೆಯ ಅರ್ಧ ಮಾತನ್ನು ಅರ್ಧ ಗಂಟೆ ಮಾಡಿ ಹೇಳುವ ಮಾವ ಆ ದಿನ ಅದನ್ನು ಹೇಳಲಿಲ್ಲ.

"ಏನಿಲ್ಲ," ಎಂದರು.

ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿದ್ದ ಮೂರಕ್ಷರ ಕಂಡಿತು. ನಾನು ಅಡುಗೆಮನೆಯ ಸಾಲನ್ನೆಲ್ಲ ಕಣ್ಣಿನಲ್ಲೇ ತಡಕಿದೆ. ಅತ್ತೆ ತವರಿನಿಂದ ತಂದ ಹಿತ್ತಾಳೆ ಹಂಡೆಯ ಮೇಲೆ ಅವರಪ್ಪನ ಹೆಸರಿತ್ತು, ಅದರ ಪಕ್ಕದಲ್ಲಿ ಮಾವನದು. ಊರೂರಿನ ಹೆಸರುಗಳನ್ನೆಲ್ಲ ಪಾತ್ರೆಯ ಮೇಲೆ ಹಾಕಿದ ಮನುಷ್ಯನ ಮನೆಯಲ್ಲಿ, ಆ ಪಾತ್ರೆಗಳನ್ನೆಲ್ಲ ತಿಕ್ಕಿದವರ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ಮಾವನೂ ತಟ್ಟೆಯನ್ನೇ ನೋಡುತ್ತಿದ್ದರು. ಅನ್ನ ಆರಿಹೋಗುತ್ತಿತ್ತು.

ಮದುವೆಯ ದಿನ ಮೂವತ್ತೇಳು ಹಾಡುಗಳನ್ನು ನನ್ನ ಫೋನಿಗೆ ತುಂಬಿಕೊಂಡು ಹೋಗಿದ್ದೆ. ಎಣ್ಣೆ ಅರಿಶಿನಕ್ಕೆ ಹಾಕಿದೆ, ಚಪ್ಪರಕ್ಕೆ ಹಾಕಿದೆ. ಬೀಗರನ್ನು ಹಂಗಿಸುವ ಹಾಡಿಗೆ ಗಂಡಿನ ಕಡೆಯವರು, ಎದುರಿಗೆ ಉತ್ತರ ಕೊಡಲು ಆಳಿಲ್ಲವಲ್ಲ ಎಂದು ಮೈಕಿನ ಪೆಟ್ಟಿಗೆಯನ್ನೇ ಬೈದರು. ಅತ್ತೆ ಚಾಪೆಯ ಮೇಲೆ ಹೆಂಗಸರ ನಡುವೆ ಕೂತು ತಮ್ಮ ದನಿಯನ್ನೇ ಕೇಳುತ್ತಿದ್ದರು. ಮಾವ ದೂರ ಪಾತ್ರೆಗಳ ಹತ್ತಿರ ಇದ್ದರು.

ಮಧ್ಯಾಹ್ನ ಮೂರರ ಹೊತ್ತಿಗೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಹುಡುಗಿಯ ಕೈಯನ್ನು ಹಾಲಿನ ತಟ್ಟೆಯ ಮೇಲೆ ಹಿಡಿದು ನಿಂತಿದ್ದ ಸಣ್ಣತ್ತೆ ನನ್ನ ಕಡೆ ನೋಡಿದರು. ನಾನು ಏನು ಹಾಕಲಿ? ಬೇರೆ ಯಾವುದಾದರೂ ಹಾಡು ಹಾಕಲೇ ಎಂದು ಬೆರಳು ಆಡಿಸುತ್ತಿದ್ದೆ.

ಆಗ ಮಾವ ಪಾತ್ರೆಗಳನ್ನು ಬಿಟ್ಟು ಎದ್ದು ಬಂದರು. ಹೆಂಗಸರ ಸಾಲಿನೊಳಗೆ ದಾರಿ ಮಾಡಿಕೊಂಡು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಯಾರೋ ಮುದುಕಿ, "ಗಂಡಸ್ರಿಗೇನಯ್ಯ ಇಲ್ಲಿ ಕೆಲಸ," ಎಂದಳು. ಮಾವ ಅತ್ತೆಯ ಬಾಯಿಗೆ ಕಿವಿ ಕೊಟ್ಟು, "ಹೇಳು," ಎಂದರು.

ಅತ್ತೆ ಅವರ ಮುಖ ನೋಡಿದರು. ಆಮೇಲೆ ಪಿಸುದನಿಯಲ್ಲಿ ಮೊದಲನೆಯ ಸಾಲು ಹೇಳಿದರು. ಮಾವ ಅದನ್ನು ಗಟ್ಟಿಯಾಗಿ ಹೇಳಿದರು. ರಾಗವಿಲ್ಲ, ತಾಳವಿಲ್ಲ, ಪಾತ್ರೆಯ ಮೇಲಿನ ಹೆಸರು ಓದಿದ ಹಾಗೆ, ಒಂದೊಂದೇ ಮಾತು. ಧಾಟಿ ಗೊತ್ತಿದ್ದ ಹೆಂಗಸರು ಅದನ್ನು ಎತ್ತಿಕೊಂಡರು. ಎರಡನೆಯ ಸಾಲು. ಮೂರನೆಯದು. ಅತ್ತೆ ಹೇಳಿದಷ್ಟನ್ನೇ ಮಾವ ಹೇಳಿದರು. ಆ ದಿನ ಮೈಕು ತನ್ನದೊಂದು ಅಕ್ಷರವನ್ನೂ ಸೇರಿಸಲಿಲ್ಲ. ಹಾಡು ಬೆಳೆಯುತ್ತ ಬೆಳೆಯುತ್ತ ಮಾವನ ದನಿ ಒಡೆಯಿತು. ಒಡೆದ ಜಾಗದಲ್ಲಿ ಅವರು ನಿಂತರು, ಮತ್ತೆ ಕಿವಿ ಕೊಟ್ಟರು. ಕಡೆಯ ಸಾಲಿನವರೆಗೂ ಹೀಗೇ ನಡೆಯಿತು. ಆಮೇಲೆಯೇ ಹುಡುಗಿ ಚಪ್ಪರ ಬಿಟ್ಟು ಕಾಲು ಎತ್ತಿದಳು.

ಅದನ್ನಷ್ಟನ್ನೂ ನಾನು ಫೋನಿನಲ್ಲಿ ಹಿಡಿದುಕೊಂಡೆ. ಮನೆಗೆ ಹೋಗಿ ಒಂದು ಪೆನ್ ಡ್ರೈವಿಗೆ ಹಾಕಿ ಮಾವನಿಗೆ ಕಳಿಸಿಕೊಟ್ಟೆ.

ತಿಂಗಳಾದ ಮೇಲೆ ಒಂದು ದಿನ ಕೆ.ಆರ್. ನಗರದ ಬಸ್ಸಿನ ಕಂಡಕ್ಟರು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಮಾವ ಕಳಿಸಿದ್ದೆಂದು ನನಗೊಂದು ಗಂಟು ಕೊಟ್ಟರು. ಬಿಚ್ಚಿದರೆ ಒಂದು ಸಣ್ಣ ಸ್ಟೀಲು ಡಬ್ಬಿ. ಒಳಗೆ ಅರಿವೆಯಲ್ಲಿ ಸುತ್ತಿದ್ದ ಪೆನ್ ಡ್ರೈವ್. ಡಬ್ಬಿಯ ಮುಚ್ಚಳದ ಮೇಲೆ ಹೆಸರು ಹಾಕಿತ್ತು. ಗುಂಯ್ ಎನ್ನುವ ಪೆನ್ನಿನದಲ್ಲ. ಉಳಿ ಇಟ್ಟು, ಸುತ್ತಿಗೆಯಲ್ಲಿ ಹೊಡೆದು, ಚುಕ್ಕಿಗೆ ಚುಕ್ಕಿ ಸೇರಿಸಿದ್ದು. ವಯಸ್ಸಾದ ಕೈ, ಅಕ್ಷರ ಅಲ್ಲಲ್ಲಿ ಜಾರಿತ್ತು.

'ಚಿಕ್ಕತಾಯಮ್ಮ' ಎಂದಿತ್ತು. ಅಷ್ಟೇ. ಹಿಂದೆ ಮುಂದೆ ಬೇರೆ ಅಕ್ಷರವಿರಲಿಲ್ಲ.

ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಮೂವತ್ತೆಂಟು ಹಾಡು. ಪ್ರತಿಯೊಂದರ ಮೊದಲಿಗೂ ಮಾವ ಅತ್ತೆಯ ಆ ಹೆಸರನ್ನೇ ಸೇರಿಸಿದ್ದರು. ಚುಕ್ಕಿಯಾದ ಮೇಲಿನದನ್ನು ಮುಟ್ಟಿರಲಿಲ್ಲ.

ಕೊನೆಯದನ್ನು, ಚಪ್ಪರದಲ್ಲಿ ಹಿಡಿದ ಹೆಣ್ಣು ಒಪ್ಪಿಸುವ ಹಾಡನ್ನು, ಒತ್ತಿದೆ. ತೆರೆಯಿತು.